‘ಸೈನಸ್ ಅದ’ ಅಂದರೆ ಏನು? ‘ಮೂಗಿನ ಕಿಸೆ’ ಅನ್ನಬಹುದೇ?

ಬಳಗದ ಎಲ್ಲರಿಗೂ ಕಲಬುರಗಿಯಿಂದ ಶರಣು.

ನೆಗಡಿಗೆ ಮನೆಯಲ್ಲೇ ಏನು ಮಾಡಬೇಕು, ಯಾವಾಗ ಡಾಕ್ಟರ ಹತ್ತಿರ ಹೋಗಬೇಕು ಎಂದು ಎರಡು ಪುಟದ ಕರಪತ್ರ ಬರೆಯುತ್ತಿದ್ದೇನೆ. ಕರಡನ್ನು ಸೇಡಂನ ನಮ್ಮ ವೈನಿಗೆ (ಅತ್ತಿಗೆಗೆ) ಓದಿ ಹೇಳುತ್ತಿದ್ದಾಗ ‘ಸೈನಸ್ ಎಲ್ಲರಿಗೂ ಇರುತ್ತದೆ’ ಎಂಬ ಸಾಲಿಗೆ ತಡೆದರು. “ನನಗ ಅದ, ಖರೆ. ಎಲ್ಲಾರಿಗೂ ಅದ ಅಂದ್ರ ಹೆಂಗಪಾ?”

ತಪ್ಪು ಅವರದಲ್ಲ. ನಮ್ಮಲ್ಲಿ ಸೈನಸ್ ಎಂಬುದು ಅಂಗದ ಹೆಸರಾಗಿ ಬರಲೇ ಇಲ್ಲ, ‘ಬಿಪಿ ಅದ’, ‘ಶುಗರ್ ಅದ’ ಅಂದಂತೆ ರೋಗದ ಹೆಸರಾಗಿಯೇ ಬಂತು. ಗಲ್ಲ, ಹಣೆ, ಕಣ್ಣುಗಳ ನಡುವೆ, ಅದರ ಹಿಂದೆ ಹೀಗೆ ನಾಲ್ಕು ಜೋಡಿ ಗಾಳಿ ತುಂಬಿದ ಪೊಳ್ಳುಗಳು ಎಲ್ಲರ ಮುಖದೊಳಗೂ ಇವೆ. ಅವುಗಳ ಬಾಯಿ ಮೂಗಿನೊಳಕ್ಕೆ ತೆರೆಯುತ್ತದೆ. ನೆಗಡಿಯಲ್ಲಿ ಒಳಪದರ ಬಾತು ಬಾಯಿ ಮುಚ್ಚಿತೆಂದರೆ ಸಿಂಬಳ ಒಳಗೇ ನಿಂತು ಮಾರಿ ಭಾರವಾಗುತ್ತದೆ. (ಗಲ್ಲ ಎಂದರೆ ನಮಗೆ ಕೆನ್ನೆ; ಮೈಸೂರು ಕಡೆ ಹಲವರಿಗೆ ಗದ್ದ. ‘ಗಲ್ಲ ನೋವು’ ಎಂದು ಅಚ್ಚು ಹಾಕಿಸುವ ಮೊದಲು ಇದೂ ಯೋಚಿಸಬೇಕು.)

ಪಠ್ಯಪುಸ್ತಕದ ‘ಕುಹರ’ (ಪೊಳ್ಳು), ‘ಉರಿಯೂತ’ (ಬಾವು) ವೈನಿಗೆ ಮುಟ್ಟಲಿಲ್ಲ. ಆಗ ಹೊಳೆದದ್ದು ‘ಕಿಸೆ’. ಅರಬ್ಬಿಯಲ್ಲಿ ಇವಕ್ಕೆ ‘ಮೂಗಿನ ಜೇಬುಗಳು’ ಎಂದೇ ಹೆಸರು, ಅಲ್ಲಿನ ‘ಜೈಬ್’ ನಮ್ಮ ‘ಜೇಬು’ ಆಗಿದೆ. ಲ್ಯಾಟಿನ್ನಿನ ಸೈನಸ್‌ಗೂ ಬಟ್ಟೆಯ ಮಡಿಕೆ, ಮಡಿಲು ಎಂಬ ಅರ್ಥವಿದೆ. ಗಣಿತದ ‘ಸೈನ್’ ಕೂಡ ಇದೇ ಪದ. ಬಿಲ್ಲಿನ ಹೆದೆ ಎಂಬ ಅರ್ಥದ ಸಂಸ್ಕೃತದ ‘ಜ್ಯಾ’, ‘ಜೀವಾ’ ಅರಬ್ಬಿಯಲ್ಲಿ ‘ಜೀಬ’ ಆಗಿ, ಬರಹದಲ್ಲಿ ಸ್ವರ ಕಾಣದ್ದರಿಂದ ‘ಜೈಬ್’ ಎಂದು ಓದಿಸಿಕೊಂಡು, 12ನೇ ಶತಮಾನದಲ್ಲಿ ಲ್ಯಾಟಿನ್ನಿಗೆ ಸೈನಸ್ ಆಗಿ ಹೋಯಿತು. ಬಿಲ್ಲಿನ ಹೆದೆ ಹೋಗಿ ಕಿಸೆಯಾದ ಕತೆ! ಅದಿರಲಿ, “ಮೂಗಿನ ಕಿಸ್ಯಾಗ ಸಿಂಬಳ ನಿಂತು ಬಾವು ಬಂದಾದ” ಅಂದಾಗ ವೈನಿ ಕೂಡಲೇ ಹಿಡಿದರು. ನನ್ನ ಮತ ಕಿಸೆಗೇ.

ಇನ್ನು ನೆಗಡಿ. ನಮ್ಮಲ್ಲಿ ‘ಥಂಡಿ’ ಹವೆಯೂ ಹೌದು, ಬೇನೆಯೂ ಹೌದು. ಉರ್ದು ಮನೆಗಳಲ್ಲಿ ಜುಕಾಮ್, ಬೀದರಿನ ಔರಾದ್ ಕಡೆಯ ಮರಾಠಿಯಲ್ಲಿ ಪಡಸೆ, ಯಾದಗಿರಿಯ ಗುರುಮಠಕಲ್ ಗಡಿಯ ತೆಲುಗಿನಲ್ಲಿ ಪಡಿಶಂ. ಈ ಕೊನೆಯ ಎರಡೂ ಆಯುರ್ವೇದದ ‘ಪ್ರತಿಶ್ಯಾಯ’ದ ಬಳಗ. ಕರಪತ್ರದಲ್ಲಿ ನೆಗಡಿ ಎಂದೇ ಇಟ್ಟಿದ್ದೇನೆ. ಥಂಡಿ ಎಂದು ಬರೆದರೆ ಚಳಿಯೇ ಕಾರಣ ಅನ್ನಿಸುತ್ತದೆ, ಬೇನೆ ತರುವುದು ವೈರಸ್. ಅದಕ್ಕೆ ಆಂಟಿಬಯೋಟಿಕ್ ನಾಟುವುದಿಲ್ಲ, ಸಿಂಬಳ ಹಸಿರಾದ ಮಾತ್ರಕ್ಕೂ ಅದು ಬೇಕಾಗುವುದಿಲ್ಲ.

ಕ್ರಿಯಾಪದಗಳಲ್ಲಿ ಅಪಾಯ ಹೆಚ್ಚು. ಮೂಗು ತೊಳೆಯುವ ಉಪ್ಪುನೀರಿಗೆ ‘ಕಾಸಿದ ನೀರು’ ಎಂದು ಬರೆದಿದ್ದೆ. ಕಾಸಿದ್ದು ಅಂದರೆ ನಮ್ಮ ಮನೆಯಲ್ಲಿ ಜಳಕದ ನೀರು! ಇಲ್ಲಿ ಬೇಕಾದದ್ದು ಕುದಿಸಿ, ಆರಿದ ನೀರು. ‘ಹಬಿ ತಗೋರಿ’ ಎಂಬುದನ್ನೂ ಬಿಡಿಸಿ ಬರೆಯಬೇಕಾಯಿತು: ಕುದಿಯುವ ಪಾತ್ರೆಯ ಮೇಲೆ ಮಕ್ಕಳನ್ನು ಬಗ್ಗಿಸಬಾರದು, ಸುಟ್ಟುಕೊಳ್ಳುತ್ತಾರೆ.

ಈಗ ನನ್ನ ಪ್ರಶ್ನೆ. ನೆಗಡಿ ಸಾಮಾನ್ಯವಾಗಿ 7ರಿಂದ 10 ದಿನಕ್ಕೆ ಇಳಿಯುತ್ತದೆ. 10 ದಿನ ದಾಟಿದರೂ ಇಳಿಯದಿದ್ದರೆ, ಇಲ್ಲವೇ ಇಳಿದಂತಾಗಿ ಮತ್ತೆ ಏರಿದರೆ ಡಾಕ್ಟರಿಗೆ ತೋರಿಸಬೇಕು. ಕಣ್ಣಿನ ಸುತ್ತ ಬಾವು ಬಂದರೆ ಆ ಹೊತ್ತೇ. ಈ ‘ಇಳಿದು ಮತ್ತೆ ಏರುವುದ’ಕ್ಕೆ ‘ಮರುಕಳಿಸು’ ಎಂದು ಬರೆದರೆ ಪೂರ್ತಿ ವಾಸಿಯಾಗಿ ತಿಂಗಳ ಮೇಲೆ ಬಂದದ್ದೂ ಅದರಲ್ಲೇ ಸೇರಿಬಿಡುತ್ತದೆ. ವೈನಿ “ತಿರುಗಾ ಜೋರಾತು” ಅನ್ನುತ್ತಾರೆ. ನಿಮ್ಮ ಊರಲ್ಲಿ ಇದಕ್ಕೆ ಒಂದೇ ಪದವಿದೆಯೇ? ಬಗ್ಗಿದರೆ ಹಣೆ ಒತ್ತಿ ಬರುತ್ತದಲ್ಲ, ಆ ನೋವಿಗೂ ಹೆಸರಿದ್ದರೆ ತಿಳಿಸಿ. ಭಾಲ್ಕಿ, ಶಹಾಪುರ ಕಡೆಯವರು ಮನೆಯ ಹಿರಿಯರನ್ನು ಕೇಳಿ ಬರೆದರೆ ಇನ್ನೂ ಛಲೋ.