ಅಪ್‌ಡೇಟ್: ಹಳೆ ಡೀಸೆಲ್ ಕಾರು ಕೊನೆಗೂ ಘಾಟಿ ಹತ್ತಿತು

ಹೋದ ವಾರ ಕೇಳಿದ್ದೆನಲ್ಲ, 2009ರ 1.3 ಲೀಟರ್ ಟರ್ಬೊ ಡೀಸೆಲ್ ಕಾರು, ಚಾರ್ಮಾಡಿ ಘಾಟಿಯಲ್ಲಿ ಎರಡನೇ ಗೇರಲ್ಲೂ ಏದುಸಿರು ಬಿಡುತ್ತದೆ, ರೀಮ್ಯಾಪ್ (ಎಂಜಿನ್ ಕಂಪ್ಯೂಟರಿನ ಸಾಫ್ಟ್‌ವೇರ್ ಬದಲಿಸಿ ಶಕ್ತಿ ಹೆಚ್ಚಿಸುವುದು) ಮಾಡಿಸಲಾ ಅಂತ.

ಏರ್ ಫಿಲ್ಟರ್, ಡೀಸೆಲ್ ಫಿಲ್ಟರ್ ಬದಲಿಸಿದೆ. ಏನೂ ವ್ಯತ್ಯಾಸ ಇಲ್ಲ. ಇಜಿಆರ್ ವಾಲ್ವ್ (ಹೊಗೆಯ ಒಂದು ಪಾಲನ್ನು ಮತ್ತೆ ಎಂಜಿನ್‌ಗೆ ಕಳಿಸುವ ಕವಾಟ) ಬಿಚ್ಚಿದರೆ ಒಂದು ಲೋಟ ಮಸಿ! ಐಡ್ಲಿಂಗ್ ನಯವಾಯಿತು, ಎಳೆತ ಮಾತ್ರ ಅಷ್ಟಕ್ಕಷ್ಟೇ.

ಕೆಲಸಕ್ಕೆ ಬಂದದ್ದು "ಮೊದಲು ಇಂಟರ್‌ಕೂಲರ್ ಪೈಪ್ ನೋಡಿ ಮಾರಾಯ್ರೆ" ಅಂದವರ ಮಾತು. ಟರ್ಬೊ ಒತ್ತಿ ಕಳಿಸುವ ಬಿಸಿ ಗಾಳಿಯನ್ನು ಎಂಜಿನ್‌ಗೆ ಹೋಗುವ ಮೊದಲು ತಣಿಸುವುದೇ ಇಂಟರ್‌ಕೂಲರ್. ಕ್ಲಾಂಪ್ ಹತ್ತಿರ ಆಯಿಲ್ ಪಸೆ ಇತ್ತು. ಮೆಕ್ಯಾನಿಕ್ ಸೋಪುನೀರು ಹಚ್ಚಿ ಮೆಲ್ಲಗೆ ಗಾಳಿ ಕೊಟ್ಟರು, ಬುಳುಬುಳು ಗುಳ್ಳೆ! ರಬ್ಬರ್ ಹೋಸ್ ಅಡಿಯಲ್ಲಿ ಬೆರಳುದ್ದ ಸೀಳಿತ್ತು. ಸುಮ್ನೆ ನೋಡಿದರೆ ಕಾಣುವುದಿಲ್ಲ, ಒತ್ತಡ ಏರಿದಾಗಲೇ ಬಾಯಿ ಬಿಡುತ್ತದೆ. ಕಾರು ಬಿಡುತ್ತಿದ್ದ ಕಪ್ಪು ಹೊಗೆಗೂ ಇದೇ ಕಾರಣ. ಗಾಳಿ ಸೋರಿದರೆ ಡೀಸೆಲ್ ಪೂರ್ತಿ ಉರಿಯುವುದಿಲ್ಲ.

ನನಗೆ ಗೊತ್ತಿಲ್ಲದ ಸಂಗತಿ: ಸೋರಿಕೆ ಇಟ್ಟುಕೊಂಡೇ ರೀಮ್ಯಾಪ್ ಮಾಡಿಸಿದ್ದರೆ, ಸೋರಿದಷ್ಟು ಗಾಳಿ ತುಂಬಲು ಟರ್ಬೊ ಇನ್ನೂ ಜೋರಾಗಿ ತಿರುಗಿ ಬೇಗ ಸವೆಯುತ್ತಿತ್ತು. ಬಚಾವಾದೆ.

ಹೋಸ್ ಸರಿಮಾಡಿಸಿ ಭಾನುವಾರ ನಾಲ್ಕು ಜನ ಕೂತು ಘಾಟಿ ಹತ್ತಿದೆವು. ತಿರುವು ಬಿಟ್ಟರೆ ಉಳಿದದ್ದೆಲ್ಲ ಮೂರನೇ ಗೇರು. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ವಾಪಸ್. ರೀಮ್ಯಾಪ್ ಸದ್ಯಕ್ಕೆ ಬೇಡ.