ಪದಚರ್ಚೆ: ರಿಟರ್ನ್, ರಿಫಂಡ್ ಎರಡಕ್ಕೂ ‘ವಾಪಸ್’ ಅಂದರೆ ಸಾಕಾ? (ನಾಳೆ ಬೆಳಿಗ್ಗೆಯೊಳಗೆ ಬೇಕು)

ಮೈಸೂರಿನಿಂದ, ಸಂಜೆ 7.10

ಎಲ್ಲರಿಗೂ ನಮಸ್ಕಾರ. ನಾಳೆ ಬೆಳಿಗ್ಗೆ ಹತ್ತಕ್ಕೆ ಪುಟಗಳು ಪ್ರೆಸ್ಸಿಗೆ ಹೋಗಬೇಕು, ಅದಕ್ಕೇ ಈ ಅವಸರ.

ಅಂಚೆಚೀಟಿ ಕೂಡಿಡುವ ನಮ್ಮ ಬಳಗಕ್ಕೆ ಒಂದು ಪುಟ್ಟ ಕೈಪಿಡಿ ಮಾಡುತ್ತಿದ್ದೇನೆ. ಈಬೇ ತರಹದ ಹರಾಜು ತಾಣಗಳಲ್ಲಿ ಕೊಳ್ಳುವುದು ಹೇಗೆ, ಮಾರುವುದು ಹೇಗೆ, ಬಂದ ಮಾಲು ಸರಿಯಿಲ್ಲದಿದ್ದರೆ ಏನು ಮಾಡಬೇಕು ಅನ್ನುವುದು ವಿಷಯ. ಬಳಗದಲ್ಲಿ ಜಾಸ್ತಿ ಜನ ಅರವತ್ತು ದಾಟಿದವರು. ಇಂಗ್ಲಿಷ್ ಬರುತ್ತದೆ, ಆದರೆ ದುಡ್ಡಿನ ವಿಷಯ ಕನ್ನಡದಲ್ಲಿ ಓದಿದರೇ ಅವರಿಗೆ ಧೈರ್ಯ.

ತೊಡಕು ಇರುವುದು ರಿಟರ್ನ್ ಮತ್ತು ರಿಫಂಡ್ ಹತ್ತಿರ. ಸದ್ಯಕ್ಕೆ ‘ಹಿಂದಿರುಗಿಸುವಿಕೆ’, ‘ಮರುಪಾವತಿ’ ಅಂತ ಹಾಕಿದ್ದೇನೆ. ಮೊದಲನೆಯದು ಕೋಷ್ಟಕದ ಕಾಲಮ್ಮಿನಲ್ಲಿ ಹಿಡಿಸುತ್ತಿಲ್ಲ. ಎರಡನೆಯದು ನಮ್ಮ ಚಿಕ್ಕಪ್ಪನನ್ನು ಬ್ಯಾಂಕಿಗೆ ಓಡಿಸಿತು. ಅವರು ಇಂಗ್ಲೆಂಡಿನ ಒಬ್ಬ ಮಾರಾಟಗಾರನಿಂದ 1948ರ ಗಾಂಧಿ ಸ್ಟ್ಯಾಂಪು, ಹತ್ತು ರೂಪಾಯಿಯದು, ಆನ್‌ಲೈನ್ ಹರಾಜಿನಲ್ಲಿ ಹಿಡಿದಿದ್ದರು. ಹಿಂಬದಿಯ ಗೋಂದು ಮೂಲದ್ದೇ, ಮುಟ್ಟಿಲ್ಲ ಅಂತ ಬರೆದಿತ್ತು. ಬಂದ ಮೇಲೆ ಭೂತಗನ್ನಡಿ ಹಿಡಿದು ನೋಡಿದರೆ ಅಂಚಿನ ಹಲ್ಲುಗಳ ತುದಿಗೂ ಗೋಂದು ಮೆತ್ತಿಕೊಂಡು ಗಟ್ಟಿಯಾಗಿದೆ. ಹಲ್ಲು ಕತ್ತರಿಸಿದ ಮೇಲೆ ಯಾರೋ ಹೊಸದಾಗಿ ಬಳಿದಿದ್ದಾರೆ ಅಂತ ಅರ್ಥ. ಸರಿ, ಕಳಿಸಿಬಿಟ್ಟರು. ಹತ್ತು ದಿನ ಬಿಟ್ಟು ಫೋನಿಗೆ ಕನ್ನಡದಲ್ಲೇ ಒಂದು ಸಂದೇಶ: ‘ನಿಮ್ಮ ಮರುಪಾವತಿ ಬಾಕಿ ಇದೆ’. ಇನ್ನೊಂದು ಸಲ ದುಡ್ಡು ಕಟ್ಟಬೇಕೇನೋ ಅಂದುಕೊಂಡು ಅವರು ರಾತ್ರಿಯೆಲ್ಲ ನಿದ್ದೆ ಮಾಡಲಿಲ್ಲ. ಬೆಳಿಗ್ಗೆ ಪಾಸ್‌ಬುಕ್ ಹಿಡಿದು ಬ್ಯಾಂಕಿನ ಬಾಗಿಲು ತೆಗೆಯುವ ಮೊದಲೇ ಅಲ್ಲಿ ನಿಂತಿದ್ದರು.

ಹಾಗಾಗಿ ಮರುಪಾವತಿ ಬೇಡ ಅನಿಸಿದೆ. ಎರಡೂ ಕಡೆ ‘ವಾಪಸ್’ ಹಾಕಿದರೆ ಮಾಲು ಯಾವುದು, ದುಡ್ಡು ಯಾವುದು ಅಂತ ಗೊಂದಲ ಆಗಲ್ವಾ? ಇನ್ನೂ ಎರಡು ಬೇಕು. ಮಾಲು ‘ವಿವರಣೆಗೆ ತಕ್ಕಂತಿಲ್ಲ’ ಅನ್ನುವ ಕಾರಣ, ಮತ್ತೆ ಹರಾಜಿನಲ್ಲಿ ಕೂಗಿದ ಬೆಲೆಯನ್ನು ನಾವೇ ಬೇಡ ಅಂತ ತೆಗೆಯುವುದು.

ಶಿವಮೊಗ್ಗದಿಂದ, ರಾತ್ರಿ 8.40

ಪದ ಹುಡುಕಲು ದೂರ ಹೋಗಬೇಕಿಲ್ಲ. ಹಳಗನ್ನಡದಲ್ಲಿ ‘ಮಗುೞ್’ ಇದೆ. ಹಿಂದಕ್ಕೆ ತಿರುಗು, ಮರಳು ಅಂತ ಅರ್ಥ. ಅದರ ಪ್ರೇರಣಾರ್ಥಕ ‘ಮಗುೞ್ಚು’. ಹೊಸಗನ್ನಡಕ್ಕೆ ತಂದರೆ ‘ಮಗುಳ್ಚು’. ಸರಕನ್ನು ಮಗುಳ್ಚುವುದು ರಿಟರ್ನ್, ಹಣವನ್ನು ಮಗುಳ್ಚುವುದು ರಿಫಂಡ್. ಅಚ್ಚಗನ್ನಡದ ಬೇರು, ಮೂರೇ ಅಕ್ಷರ. ನಿಮ್ಮ ಕಾಲಮ್ಮಿನಲ್ಲೂ ಹಿಡಿಸುತ್ತದೆ. ಸಾವಿರ ವರ್ಷದ ಪದ ಕೈಯಲ್ಲಿಟ್ಟುಕೊಂಡು ಪಾರಸಿಯ ವಾಪಸ್ಸಿಗೆ ಕೈ ಚಾಚುವುದು ಯಾಕೆ ಅಂತ ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಧಾರವಾಡದಿಂದ, ರಾತ್ರಿ 8.52

ದೋಸೆ ಮಗುಚಲಿಕ್ಕೆ ಚಲೋ ಪದ. ದುಡ್ಡಿಗೆ ಬೇಡ.

ವಾಪಸ್ ಅನ್ನಿ, ಮುಗೀತು. ನಮ್ಮ ಕಡೆ ಬಟ್ಟೆ ಅಂಗಡಿಯ ಬಿಲ್ ಬುಕ್ಕಿನ ಕೆಳಗೆ ನಾನು ಹುಟ್ಟುವ ಮೊದಲಿನಿಂದ ಅಚ್ಚಾಗುತ್ತಿರುವ ಸಾಲು: ‘ಒಮ್ಮೆ ಮಾರಿದ ಮಾಲು ವಾಪಸ್ ತೆಗೆದುಕೊಳ್ಳುವುದಿಲ್ಲ’. ಅದನ್ನು ಓದಿ ಯಾರೂ ನಿಘಂಟು ತೆಗೆದಿಲ್ಲ.

ಬೆಂಗಳೂರಿನಿಂದ, ರಾತ್ರಿ 9.05

‘ಮರಳಿಸು’ ಚೆನ್ನಾಗಿದೆ ಅಂತ ನನ್ನ ಅನಿಸಿಕೆ. ಪತ್ರಿಕೆಗಳಲ್ಲೂ ಓಡುತ್ತದೆ, ಹಿರಿಯರಿಗೂ ಗೊತ್ತು. ಆದರೆ ಕ್ರಿಯಾಪದವಾಗಿಯೇ ಬಳಸಿ, ನಾಮಪದ ಮಾಡಲು ಹೋಗಬೇಡಿ. ಒಂದು ಆ್ಯಪಿನ ಕನ್ನಡ ತಿದ್ದುವಾಗ ರಿಟರ್ನ್ ಪಾಲಿಸಿಗೆ ಯಾರೋ ‘ಮರಳು ನೀತಿ’ ಅಂತ ಹಾಕಿದ್ದರು. ಓದಿದವರಿಗೆ ಗಣಿ ಇಲಾಖೆ, ಲಾರಿ, ಹೊಳೆ ದಂಡೆ ಎಲ್ಲ ನೆನಪಾಯಿತು.

ಶಿವಮೊಗ್ಗದಿಂದ, ರಾತ್ರಿ 9.20

ಅದು ಈಗಿನ ರೂಪಗಳ ತಪ್ಪು. ಹೊಳೆಯದು ಮೂಲದಲ್ಲಿ ‘ಮಳಲ್’. ಅದೇ ಆಮೇಲೆ ಮರಳು ಆಯಿತು. ಹಿಂದಿರುಗುವ ಮರಳು ಬೇರೆ. ಎರಡನ್ನೂ ಬೇರೆ ಇಡಬೇಕು ಅಂದರೆ ಮಗುಳ್ ಒಂದೇ ದಾರಿ, ನಾನು ಹೇಳಿದ್ದೂ ಅದೇ. ದೋಸೆಯ ಮಗುಚು ಅದೇ ಬೇರಿನದ್ದು, ಅದಕ್ಕೆ ನಾಚಿಕೆ ಪಡಬೇಕಾಗಿಲ್ಲ. ದೋಸೆಗೆ ಉಳಿದ ಕನ್ನಡ ದುಡ್ಡಿಗೆ ಯಾಕೆ ಬಾರದು?

ಹಾಸನದಿಂದ, ರಾತ್ರಿ 9.31

ಬ್ಯಾಂಕಿನಲ್ಲಿ ಮೂವತ್ತು ವರ್ಷ ಕೂತವನು ನಾನು. ನಿಮ್ಮ ಚಿಕ್ಕಪ್ಪನವರು ಹೆದರಿದ್ದರಲ್ಲಿ ಏನೂ ತಪ್ಪಿಲ್ಲ. ಮರುಪಾವತಿ ಅಂದರೆ ನಮ್ಮ ಕೌಂಟರಿನಲ್ಲಿ ಸಾಲ ತೆಗೆದುಕೊಂಡವರು ಕಟ್ಟುವ ಕಂತು. ‘ಮರುಪಾವತಿ ಬಾಕಿ’ ಅಂತ ನಾವು ನೋಟೀಸು ಕಳಿಸುತ್ತಿದ್ದದ್ದೇ ಸುಸ್ತಿದಾರರಿಗೆ. ಅದೂ ಅಲ್ಲದೆ ‘ಮರು’ ಸೇರಿದ ಪದಗಳನ್ನು ಸುಮ್ನೆ ಜೋಡಿಸಿ ನೋಡಿ: ಮರುಮುದ್ರಣ, ಮರುಪರೀಕ್ಷೆ, ಮರುಮದುವೆ, ಮರುಎಣಿಕೆ. ಎಲ್ಲದರಲ್ಲೂ ‘ಇನ್ನೊಮ್ಮೆ’ ಇದೆ, ‘ಹಿಂದಕ್ಕೆ’ ಇಲ್ಲ. ಅದೇ ಲೆಕ್ಕದಲ್ಲಿ ಮರುಪಾವತಿ ಅಂದರೆ ಇನ್ನೊಮ್ಮೆ ಕಟ್ಟುವುದೇ ಆಗುತ್ತದೆ.

ಧಾರವಾಡದಿಂದ, ರಾತ್ರಿ 9.38

ಇದು ಖರೆ. ಪಾವತಿಯ ಕತೆಯೂ ಕೇಳಿ. ಮರಾಠಿಯಲ್ಲಿ ಪಾವತಿ ಅಂದರೆ ರಸೀದಿ. ಮುಟ್ಟಿತು ಅಂತ ಬರೆದುಕೊಡುವ ಚೀಟಿ. ಕನ್ನಡಕ್ಕೆ ಬರುವಾಗ ಕೊಡುವವನ ಕಡೆಗೆ ತಿರುಗಿ ಕೂತಿತು. ಗಡಿಯಾಚೆಯ ವ್ಯಾಪಾರಿಗೆ ‘ಪಾವತಿ ಮಾಡಿದೆ’ ಅಂದರೆ ಅವನು ಚೀಟಿ ಎಲ್ಲಿ ಅಂತ ಕೈ ಚಾಚುತ್ತಾನೆ.

ಶಿವಮೊಗ್ಗದಿಂದ, ರಾತ್ರಿ 9.44

ಎರವಲು ತಂದರೆ ಹೀಗೇ ಆಗುವುದು.

ಧಾರವಾಡದಿಂದ, ರಾತ್ರಿ 9.47

ಮೇಷ್ಟ್ರೇ, ಬಾಕಿ, ವಸೂಲಿ, ಜಮಾ, ಖರ್ಚು, ರದ್ದು ಇವನ್ನೆಲ್ಲ ತೆಗೆದು ಒಂದು ತಿಂಗಳ ಅಂಗಡಿ ಲೆಕ್ಕ ಬರೆದು ತೋರಿಸಿ. ಆಮೇಲೆ ಮಾತಾಡೋಣ. ಅಂದ ಹಾಗೆ ರದ್ದು ಅನ್ನುವುದು ಅರಬಿಯ ‘ರದ್ದ್’. ಅಲ್ಲಿ ಅದಕ್ಕೆ ಹಿಂದಕ್ಕೆ ಕೊಡು ಅನ್ನುವ ಅರ್ಥವೂ ಇದೆ. ನಿಮಗೆ ಬೇಕಾದ ರಿಟರ್ನ್ ನಮ್ಮ ಮನೆಯಲ್ಲಿ ಬೇರೆ ಕೆಲಸ ಮಾಡಿಕೊಂಡು ಕೂತಿದೆ.

ಮಂಗಳೂರಿನಿಂದ, ರಾತ್ರಿ 10.02

ಸ್ವಲ್ಪ ಆಚೆ ಹೋಗುತ್ತಿದ್ದೇನೆ, ಕ್ಷಮೆ ಇರಲಿ. ಹರಾಜು ಕೂಡ ಅರಬಿಯಿಂದ ಬಂದದ್ದೇ. ನಮ್ಮಲ್ಲಿ ದೇವಸ್ಥಾನದ ಅಂಗಳದಲ್ಲಿ ಬಾಳೆಗೊನೆಗೆ ಈಗಲೂ ‘ಏಲಂ’ ಕೂಗುತ್ತಾರೆ. ಧಾರವಾಡದವರು ‘ಲಿಲಾವು’ ಅನ್ನುತ್ತಾರೆ. ಎರಡೂ ಪೋರ್ಚುಗೀಸರ ‘ಲೈಲಾವ್’ನ ಮಕ್ಕಳು, ಅದರ ತಾಯಿ ಮತ್ತೆ ಅರಬಿ. ಹಡಗಿನಲ್ಲಿ ಬಂದದ್ದು ಒಂದೇ ಪದ, ಕರಾವಳಿಯಲ್ಲಿ ಒಂದು ವೇಷ, ಘಟ್ಟದ ಮೇಲೆ ಇನ್ನೊಂದು. ಅದಿರಲಿ. ಕೇಳಿದವರಿಗೆ ಉಪಯೋಗದ ಮಾತು ಒಂದಿದೆ. ಏಲಂನಲ್ಲಿ ಮೂರನೇ ಸಲ ಕೂಗಿದ ಮೇಲೆ ಬಾಳೆಗೊನೆಯಲ್ಲಿ ನಾಲ್ಕು ಕಾಯಿ ಕೊಳೆತಿದ್ದರೂ ಅದು ನಿಮ್ಮದೇ, ವಾಪಸ್ ಅನ್ನುವ ಮಾತೇ ಇಲ್ಲ. ಹರಾಜು ಅಂತ ಬರೆದ ಕೂಡಲೇ ಓದುವವರು ಹಾಗೇ ತಿಳಿದಾರು. ಅದಕ್ಕೆ ಒಂದು ಸಾಲು ಬರೆಯಿರಿ.

ಮ್ಯೂನಿಕ್‌ನಿಂದ, ರಾತ್ರಿ 10.30 (ನಿಮ್ಮ ಹೊತ್ತು)

ಮಂಗಳೂರಿನವರು ಹೇಳಿದ್ದು ಆಚೆಯ ಮಾತಲ್ಲ, ಅದೇ ಮುಖ್ಯ. ಇಲ್ಲಿ ಜರ್ಮನಿಯಲ್ಲಿ ‘ಹರಾಜು’ ಅನ್ನುವ ಪದದ ಮೇಲೆಯೇ ಮೊಕದ್ದಮೆ ನಡೆದು ದೇಶದ ಸರ್ವೋಚ್ಚ ಸಿವಿಲ್ ನ್ಯಾಯಾಲಯದವರೆಗೆ ಹೋಗಿತ್ತು. ಈಬೇಯಲ್ಲಿ ಒಬ್ಬರು ವಜ್ರದ ಬಳೆಗೆ ಅತಿ ಹೆಚ್ಚು ಬೆಲೆ ಕೂಗಿ, ಆಮೇಲೆ ಬೇಡ ಅಂದರು. ಮಾರಿದವನು ವ್ಯಾಪಾರಿ. ಹರಾಜಿನಲ್ಲಿ ಕೊಂಡದ್ದನ್ನು ಬೇಡ ಅನ್ನುವ ಹಕ್ಕು ಕಾನೂನಿನಲ್ಲಿ ಇಲ್ಲ, ದುಡ್ಡು ಕೊಡಿಸಿ ಅಂತ ಅವನ ವಾದ. 2004ರ ನವೆಂಬರ್ 3ರಂದು ತೀರ್ಪು ಬಂತು. ಇದು ಸಿವಿಲ್ ಸಂಹಿತೆಯ 156ನೇ ಕಲಮಿನ ಅರ್ಥದಲ್ಲಿ ಹರಾಜೇ ಅಲ್ಲ, ಸುತ್ತಿಗೆ ಬಡಿಯುವವರು ಯಾರೂ ಇಲ್ಲ, ಗಡುವು ಮುಗಿದಾಗ ಆಗುವ ಸಾಮಾನ್ಯ ಮಾರಾಟ ಅಷ್ಟೇ, ಹಾಗಾಗಿ ಕೊಂಡವರಿಗೆ ಬೇಡ ಅನ್ನುವ ಹಕ್ಕು ಇದೆ ಅಂತ. ವ್ಯಾಪಾರಿ ಸೋತ.

ನಮ್ಮ ಭಾರತದಲ್ಲಿ 1930ರ ಸರಕು ಮಾರಾಟ ಕಾಯಿದೆಯ 64ನೇ ಕಲಮು ಸುತ್ತಿಗೆ ಬೀಳುವವರೆಗೆ ಕೂಗಿದವರು ತಮ್ಮ ಕೂಗನ್ನು ತೆಗೆಯಬಹುದು ಅನ್ನುತ್ತದೆ. ಆನ್‌ಲೈನಿನಲ್ಲಿ ಆ ಸುತ್ತಿಗೆ ಕಾಣಿಸುವುದಿಲ್ಲ, ತಾಣದ ನಿಯಮವೇ ಸುತ್ತಿಗೆ. ಜೊತೆಗೆ 2020ರ ಇ-ಕಾಮರ್ಸ್ ನಿಯಮಗಳು ಬಂದಿವೆ. ಮಾಲಿನಲ್ಲಿ ದೋಷ ಇದ್ದರೆ, ನಕಲಿಯಾಗಿದ್ದರೆ ಅಥವಾ ಜಾಹೀರಾತಿನಲ್ಲಿ ಹೇಳಿದಂತೆ ಇಲ್ಲದಿದ್ದರೆ ಮಾರಿದವರು ವಾಪಸ್ ತೆಗೆದುಕೊಳ್ಳಲ್ಲ, ದುಡ್ಡು ಕೊಡಲ್ಲ ಅನ್ನುವ ಹಾಗಿಲ್ಲ. ನಿಮ್ಮ ಕೈಪಿಡಿಯಲ್ಲಿ ಈ ಎರಡು ಸಾಲು ಪದಕ್ಕಿಂತ ಮೊದಲು ಬರಲಿ.

ಮೈಸೂರಿನಿಂದ, ರಾತ್ರಿ 10.50

ಎಲ್ಲರಿಗೂ ಥ್ಯಾಂಕ್ಸ್. ಕಾನೂನಿನ ಸಾಲು ಸೇರಿಸಿದೆ. ಓದುತ್ತಾ ನನ್ನ ತಪ್ಪು ಎಲ್ಲಿದೆ ಅಂತಲೂ ಹೊಳೆಯಿತು. ಇಂಗ್ಲಿಷಿನ ಎರಡು ನಾಮಪದಗಳಿಗೆ ನಾನು ಎರಡು ನಾಮಪದ ಹುಡುಕುತ್ತಿದ್ದೆ. ನಮ್ಮಲ್ಲಿ ಕೆಲಸ ಮಾಡುವುದು ಕ್ರಿಯಾಪದ. ಮಾಲನ್ನು ಕಳಿಸುವವರು ಕೊಂಡವರು. ಹಣ ಕೊಡುವವರು ಮಾರಿದವರು. ಅದನ್ನು ಹೇಳಿಬಿಟ್ಟರೆ ವಾಪಸ್ ಎರಡು ಸಲ ಬಂದರೂ ಗೊಂದಲ ಆಗಲ್ಲ. ಹಾಗಾಗಿ ಒಂದು ಕಾಲಮ್ಮಿಗೆ ‘ಮಾಲು ವಾಪಸ್ ಕಳಿಸಿ’, ಇನ್ನೊಂದಕ್ಕೆ ‘ನಿಮಗೆ ಹಣ ವಾಪಸ್’. ಆ ‘ನಿಮಗೆ’ ಇದ್ದಿದ್ದರೆ ಚಿಕ್ಕಪ್ಪ ಅವತ್ತು ಮಲಗುತ್ತಿದ್ದರು.

‘ವಿವರಣೆಗೆ ತಕ್ಕಂತಿಲ್ಲ’ ಬದಲು ‘ಹೇಳಿದ್ದು ಒಂದು, ಬಂದದ್ದು ಇನ್ನೊಂದು’ ಅಂತ ಹಾಕಲಾ? ಉದ್ದ ಆಯಿತಾ?

ಬೆಂಗಳೂರಿನಿಂದ, ರಾತ್ರಿ 10.58

‘ಹೇಳಿದಂತಿಲ್ಲ’ ಸಾಕು. ಈಬೇಯಲ್ಲಿ ಈ ಕಾರಣ ಆರಿಸಿದರೆ ವಾಪಸ್ ಕಳಿಸುವ ಅಂಚೆ ಖರ್ಚು ಮಾರಿದವರ ತಲೆ ಮೇಲೆ, ‘ಮನಸ್ಸು ಬದಲಾಯಿತು’ ಅಂದರೆ ಸಾಮಾನ್ಯವಾಗಿ ನಿಮ್ಮ ತಲೆ ಮೇಲೆ. ಮಾಲು ಕೈಗೆ ಬಂದು 30 ದಿನದೊಳಗೆ ಹೇಳಿಕೊಳ್ಳಬೇಕು. ಎರಡು ಕಾರಣಗಳನ್ನೂ ದಪ್ಪ ಅಕ್ಷರದಲ್ಲಿ ಬೇರೆ ಬೇರೆ ತೋರಿಸಿ. ಎಷ್ಟೋ ಜನ ಮಾರಿದವರಿಗೆ ಬೇಜಾರಾಗದಿರಲಿ ಅಂತ ಎರಡನೆಯದನ್ನು ಒತ್ತಿ ಕೈಯಿಂದ ದುಡ್ಡು ಹಾಕಿದ್ದಾರೆ. ಕೂಗಿದ ಬೆಲೆ ತೆಗೆಯುವುದಕ್ಕೆ ‘ಕೂಗು ಹಿಂಪಡೆ’ ಸರಿಹೋಗುತ್ತದೆ.

ಹಾಸನದಿಂದ, ರಾತ್ರಿ 11.04

ಪೂರ್ತಿ ಕೊಡದೆ ಸ್ವಲ್ಪ ಹಿಡಿದುಕೊಂಡು ಕೊಟ್ಟರೆ? ‘ಭಾಗಶಃ’ ಅಂತ ಬರೆಯಬೇಡಿ. ‘ಮುರಿದುಕೊಂಡು ಕೊಡುವುದು’ ಅನ್ನಿ. ಸಂಬಳದಿಂದ ಕಂತು ಮುರಿದುಕೊಳ್ಳುವುದು ಎಲ್ಲರಿಗೂ ಗೊತ್ತಿರುವ ಮಾತು.

ಶಿವಮೊಗ್ಗದಿಂದ, ರಾತ್ರಿ 11.10

‘ಹೇಳಿದಂತಿಲ್ಲ’, ‘ಕೂಗು’, ‘ಹಿಂಪಡೆ’, ‘ಮುರಿದುಕೊಂಡು’. ನಾಲ್ಕೂ ಅಚ್ಚಗನ್ನಡ, ನಾಲ್ಕೂ ಯಾರಿಗೂ ತೊಡಕಾಗಲಿಲ್ಲ. ವಾಪಸ್ ಒಂದಕ್ಕೆ ಮಾತ್ರ ಯಾಕೆ ಹಟ? ಕನಿಷ್ಠ ‘ಹಣ ಮರಳಿ ಬರುತ್ತದೆ’ ಅಂತ ಬರೆಯಬಹುದಿತ್ತು.

ಧಾರವಾಡದಿಂದ, ರಾತ್ರಿ 11.12

ಬರೆಯಬಹುದಿತ್ತು. ಮಗುಳ್ಚು ಬಿಟ್ಟಿರಲ್ಲ, ಸಂತೋಷ.

ಶಿವಮೊಗ್ಗದಿಂದ, ರಾತ್ರಿ 11.15

ಬಿಟ್ಟಿಲ್ಲ.

ಮೈಸೂರಿನಿಂದ, ಬೆಳಿಗ್ಗೆ 9.25

ಪುಟ ಕಳಿಸಿದೆ. ತಲೆಬರಹದಲ್ಲಿ ವಾಪಸ್ ಇದೆ, ಒಳಗಿನ ಸಾಲುಗಳಲ್ಲಿ ಮೂರು ಕಡೆ ‘ಮರಳಿ’ ಬಂದಿದೆ. ಶಿವಮೊಗ್ಗದವರ ಮಾತು ತೆಗೆದುಹಾಕಿಲ್ಲ.

ಕಳಿಸುವ ಮೊದಲು ಚಿಕ್ಕಪ್ಪನಿಗೆ ಓದಿಸಿದೆ. ಎಲ್ಲ ಅರ್ಥವಾಯಿತು ಅಂದರು. ಆಮೇಲೆ ಕನ್ನಡಕ ತೆಗೆದು, ‘ನಿಮಗೆ ಹಣ ವಾಪಸ್ ಅಂತ ಬರೆದಿದ್ದೀಯಲ್ಲ, ಆ ಲಕೋಟೆ ಬಂದಾಗ ಪೋಸ್ಟ್‌ಮ್ಯಾನ್ ಕೈಗೆ ನಾನು ಸುಂಕ ಅಂತ ಕಟ್ಟಿದ್ದು?’ ಅಂತ ಕೇಳಿದರು. ಅದು ಮಾರಿದವನ ಕೈಗೆ ಹೋದ ದುಡ್ಡಲ್ಲ, ಸರ್ಕಾರಕ್ಕೆ ಹೋದದ್ದು, ಅವನು ಕೊಡಬೇಕಾಗಿಲ್ಲ ಅಂದೆ. ಹಾಗಾದರೆ ‘ಮಾರಿದವರಿಂದ’ ಅಂತ ಸೇರಿಸು ಅಂದರು. ಪ್ರೆಸ್ಸಿಗೆ ಫೋನ್ ಮಾಡಿ ಸೇರಿಸಿದೆ. ಈಗ ಕಾಲಮ್ಮಿನಲ್ಲಿ ಹಿಡಿಸುತ್ತಿಲ್ಲವಂತೆ.