ಮೇಜರ್ (ಡಿಗ್ರಿಯ ಮುಖ್ಯ ವಿಷಯ) ಬದಲಾಯಿಸಿದರೆ ಮಗನ ಟೆನಿಸ್‌ಗೆ ತೊಂದರೆ ಆಗುತ್ತಾ? ಗೊತ್ತಿರುವವರು ಹೇಳಿ

ಕೇಳಿದವರು: ಮೈಸೂರಿನ ಅಮ್ಮ

ಮಗ ಅಮೆರಿಕದಲ್ಲಿ ಟೆನಿಸ್ ಸ್ಕಾಲರ್‌ಶಿಪ್ ಮೇಲೆ ಓದುತ್ತಿದ್ದಾನೆ. ಎನ್‌ಸಿಎಎ (ಅಲ್ಲಿನ ಕಾಲೇಜು ಕ್ರೀಡೆ ನಡೆಸೋ ಸಂಸ್ಥೆ) ಡಿವಿಷನ್ 1 ಕಾಲೇಜು, ಅಂದರೆ ಮೇಲಿನ ಹಂತದ್ದು. ಮೇ ತಿಂಗಳಿಗೆ ಎರಡನೇ ವರ್ಷ ಮುಗಿಯುತ್ತೆ. ಇಲ್ಲಿವರೆಗೆ 54 ಕ್ರೆಡಿಟ್ ಆಗಿದೆ, ಜಿಪಿಎ 4ಕ್ಕೆ 3.1. ಈಗ ಎಕನಾಮಿಕ್ಸ್ ಬಿಟ್ಟು ಮೆಕ್ಯಾನಿಕಲ್ ಎಂಜಿನಿಯರಿಂಗ್‌ಗೆ ಹೋಗ್ತೀನಿ ಅಂತಿದ್ದಾನೆ. ಕೋಚ್ ಕೇಳಿ "ಪರ್ಸೆಂಟೇಜ್ ನೋಡ್ಕೊ, ಆಡೋಕೆ ಆಗದೆ ಹೋದೀತು" ಅಂದರಂತೆ. ಮಾರ್ಕ್ಸ್ ಚೆನ್ನಾಗೇ ಇದೆಯಲ್ಲ, ಇದು ಯಾವ ಪರ್ಸೆಂಟೇಜ್? ಅವನನ್ನು ಕೇಳಿದರೆ "ಅಮ್ಮ, ಆಮೇಲೆ ಹೇಳ್ತೀನಿ" ಅಂತ ಫೋನ್ ಇಡ್ತಾನೆ.

ಡಲ್ಲಾಸ್‌ನಿಂದ, ಲಾಂಗ್ ಜಂಪ್ ಹುಡುಗಿಯ ಅಪ್ಪ

ಮೇಡಂ, ಅದು ಮಾರ್ಕ್ಸಿನ ಪರ್ಸೆಂಟೇಜ್ ಅಲ್ಲ. ಡಿಗ್ರಿ ಎಷ್ಟು ಮುಗಿದಿದೆ ಅನ್ನೋ ಲೆಕ್ಕ. ಮೂರನೇ ವರ್ಷ ಆಡಬೇಕಾದರೆ ಡಿಗ್ರಿಯ ನೂರಕ್ಕೆ 40 ಭಾಗ ಮುಗಿದಿರಬೇಕು. ನಾಲ್ಕನೇ ವರ್ಷಕ್ಕೆ 60, ಐದನೇ ವರ್ಷಕ್ಕೆ 80. ಮೊದಲು ಇದು 25-50-75 ಇತ್ತು. 2003ರಲ್ಲಿ ಸೇರಿದವರಿಂದ ಬಿಗಿ ಮಾಡಿದರು.

ಎಡವೋದು ಎಲ್ಲಿ ಅಂದರೆ, ಪಾಸಾದ ಕ್ರೆಡಿಟ್ ಎಲ್ಲಾ ಈ ಲೆಕ್ಕಕ್ಕೆ ಬರಲ್ಲ. ಈಗಿನ ಮೇಜರ್‌ಗೆ ಬೇಕಾದ್ದು ಮಾತ್ರ ಬರುತ್ತೆ.

ನಮ್ಮ ಮಗಳು ಮೂರನೇ ವರ್ಷದ ಕೊನೆಗೆ ಸೈಕಾಲಜಿ ಬಿಟ್ಟು ಬಯಾಲಜಿಗೆ ಹಾರಿದಳು. 120 ಕ್ರೆಡಿಟ್ಟಿನ ಡಿಗ್ರಿ, ಅಂದರೆ 72 ಬೇಕು. ಅವಳ ಹತ್ತಿರ 81 ಇತ್ತು. ನಾವು ನಿಶ್ಚಿಂತೆಯಾಗಿ ಕೂತಿದ್ವಿ. ಡಿಗ್ರಿ ಆಡಿಟ್ (ಯಾವ ಕೋರ್ಸ್ ಡಿಗ್ರಿಗೆ ಸೇರುತ್ತೆ ಅನ್ನೋ ಪಟ್ಟಿ) ಪ್ರಿಂಟ್ ತೆಗೆದು ಊಟದ ಟೇಬಲ್ ಮೇಲೆ ಹರಡಿದಾಗ ನೋಡಿದರೆ, ಕೊನೆ ಪುಟದ ಕೆಳಗಡೆ ಒಂದು ಡಬ್ಬಿ. ಡಿಗ್ರಿಗೆ ಸೇರದ ಕೋರ್ಸುಗಳೆಲ್ಲ ಅದರಲ್ಲಿ ಬಿದ್ದಿದ್ದವು. ಆರು ಕೋರ್ಸು, 18 ಕ್ರೆಡಿಟ್. ಉಳಿದಿದ್ದು 63. ಒಂಬತ್ತು ಕಮ್ಮಿ! ಆ ಡಬ್ಬಿಯಲ್ಲಿ ಒಂದು ಪಾಟರಿ ಕ್ಲಾಸೂ ಇತ್ತು, "ಸುಲಭ, ತಗೋ" ಅಂತ ಟೀಮಿನ ಹುಡುಗಿಯರು ಹೇಳಿದ್ದು. ಆಗ ಮಾಡಿದ ಕುಂಡದಲ್ಲಿ ಈಗ ನಮ್ಮನೆ ಕರಿಬೇವಿದೆ. ಮೂರು ಕ್ರೆಡಿಟ್ಟಿನ ಕುಂಡ ಅಂತಲೇ ಕರೀತೀವಿ.

ಬೇಸಿಗೆಯಲ್ಲಿ ಮೂರು ಕೋರ್ಸ್ ಮಾಡಿ ದಾಟಿದಳು. ಸ್ಕಾಲರ್‌ಶಿಪ್ ಬೇಸಿಗೆಗೆ ಬರಲಿಲ್ಲ, ಕೈಯಿಂದ ಕಟ್ಟಿದ್ವಿ.

ನಿಮ್ಮ ಮಗ ಉಲ್ಟಾ ದಿಕ್ಕಿನಲ್ಲಿ, ಅಂದರೆ ಎಂಜಿನಿಯರಿಂಗ್‌ನಿಂದ ಎಕನಾಮಿಕ್ಸ್‌ಗೆ ಹೋಗ್ತಿದ್ದರೆ ಇಷ್ಟು ಯೋಚನೆ ಇರಲಿಲ್ಲ. ಆರ್ಟ್ಸ್ ಡಿಗ್ರಿಗಳಲ್ಲಿ ಫ್ರೀ ಎಲೆಕ್ಟಿವ್ (ಇಷ್ಟದ ಕೋರ್ಸ್) ಜಾಗ ಜಾಸ್ತಿ, ಹಳೆ ಕೋರ್ಸುಗಳನ್ನೆಲ್ಲ ಅಲ್ಲಿ ತುಂಬಬಹುದು. ಎಂಜಿನಿಯರಿಂಗ್‌ನಲ್ಲಿ ಆ ಜಾಗ ಇಲ್ಲವೇ ಇಲ್ಲ ಅನ್ನಬಹುದು.

ಹಳೆ ಈಜುಗಾರ್ತಿ, ಈಗ ಸಿಯಾಟಲ್

ಮೇಲಿನ ಅಂಕಲ್ ಹೇಳಿದ್ದು ಸರಿ. ಅದರ ಜೊತೆ ಸಣ್ಣ ಲೆಕ್ಕಗಳೂ ಇವೆ. ಪ್ರತಿ ಸೆಮಿಸ್ಟರ್ ಕನಿಷ್ಠ 6 ಕ್ರೆಡಿಟ್ ಪಾಸಾಗಬೇಕು. ಫಾಲ್, ಸ್ಪ್ರಿಂಗ್ ಎರಡೂ ಸೆಮಿಸ್ಟರ್ ಸೇರಿ 18. ಈ 18ಕ್ಕೆ ಬೇಸಿಗೆ ಕೋರ್ಸ್ ನಡೆಯಲ್ಲ! ಪರ್ಸೆಂಟೇಜಿಗೆ ನಡೆಯುತ್ತೆ. ಇವೆರಡನ್ನ ಕಲಸಿಕೊಂಡು ಒದ್ದಾಡಿದವರು ನಮ್ಮ ಟೀಮಲ್ಲೇ ಇದ್ದರು.

ನನ್ನ ಕಥೆ ಬೇರೆ. ಒಂದು ಮೀಟ್ (ಈಜು ಸ್ಪರ್ಧೆ) ಹತ್ತಿರ ಇತ್ತು, ಕೆಮಿಸ್ಟ್ರಿ ತಲೆಗೆ ಹತ್ತುತ್ತಿರಲಿಲ್ಲ. ರಾತ್ರಿ ಲ್ಯಾಪ್‌ಟಾಪ್ ತೆಗೆದು ಸುಮ್ನೆ ಡ್ರಾಪ್ ಒತ್ತಿಬಿಟ್ಟೆ. 13 ಕ್ರೆಡಿಟ್ ಇದ್ದಿದ್ದು 9 ಆಯ್ತು. 12ಕ್ಕಿಂತ ಕೆಳಗೆ ಹೋದರೆ ಫುಲ್ ಟೈಮ್ ಅಲ್ಲ. ರೇಸ್ ಬಿಡಿ, ಪ್ರಾಕ್ಟೀಸಿಗೂ ಇಳಿಯೋ ಹಾಗಿಲ್ಲ. ಬೆಳಿಗ್ಗೆ ಐದೂವರೆಗೆ ಪೂಲ್ ಹತ್ತಿರ ಹೋದರೆ ಅಸಿಸ್ಟೆಂಟ್ ಕೋಚ್ ಟವೆಲ್ ಕೈಗೆ ಕೊಟ್ಟು ವಾಪಸ್ ಕಳಿಸಿದರು. ನಾನು ಎಫ್-1 (ವಿದ್ಯಾರ್ಥಿ) ವೀಸಾ ಬೇರೆ. ಅದಕ್ಕೂ ಅದೇ 12. ನೀರಿಗಿಂತ ವೀಸಾ ನೆನೆದು ಹೆಚ್ಚು ನಡುಗಿದ್ದೆ. ಅದೇ ವಾರ ಶುರುವಾಗೋ ಅರ್ಧ ಸೆಮಿಸ್ಟರಿನ ಕೋರ್ಸ್ ಒಂದು ಸಿಕ್ಕಿದ್ದಕ್ಕೆ ಬದುಕಿಕೊಂಡೆ. ಹಾಗಂತ ಆನ್‌ಲೈನ್ ಕೋರ್ಸುಗಳನ್ನೇ ತುಂಬಿಕೊಳ್ಳೋಕೂ ಆಗಲ್ಲ. ಎಫ್-1 ಇರುವವರಿಗೆ ಒಂದು ಸೆಮಿಸ್ಟರಿಗೆ ಅಂಥದ್ದು ಒಂದೇ ಫುಲ್ ಟೈಮ್ ಲೆಕ್ಕಕ್ಕೆ ಸೇರೋದು.

ಕಾಲೇಜಿನ ಕ್ರೀಡಾ ವಿಭಾಗದಲ್ಲಿ ಟ್ಯೂಟರ್ ಆಗಿದ್ದವನು

ಎರಡು ಸೇರಿಸ್ತೀನಿ. ಒಂದು, ಡಿ ಗ್ರೇಡ್. ಯೂನಿವರ್ಸಿಟಿ ಪ್ರಕಾರ ಪಾಸ್. ಆದರೆ ಆ ಮೇಜರ್ ಸಿ ಕೇಳಿದರೆ ಅದು ಡಿಗ್ರಿಗೆ ಸೇರಲ್ಲ, ಎಲಿಜಿಬಿಲಿಟಿಗೂ (ಆಡುವ ಅರ್ಹತೆಗೂ) ಸೇರಲ್ಲ. ಎರಡು, ಪಾಸಾದ ಕೋರ್ಸನ್ನೇ ಗ್ರೇಡ್ ಏರಿಸಲು ಮತ್ತೆ ತಗೊಂಡರೆ ಕ್ರೆಡಿಟ್ ಒಂದೇ ಸಲ.

ಕೋಚ್ ಯಾಕೆ ಅಷ್ಟು ತಲೆ ಕೆಡಿಸಿಕೊಂಡರು ಅಂದರೆ, ಟೀಮಿಗೆ ಎಪಿಆರ್ ಅಂತ, ಆಟಗಾರರ ಓದಿನ ಪ್ರಗತಿ ಅಳೆಯೋ ಒಂದು ಅಂಕ ಇದೆ. ಸ್ಕಾಲರ್‌ಶಿಪ್ ಇರುವ ಹುಡುಗ ಎಲಿಜಿಬಲ್ ಆಗಿದ್ದರೆ ಒಂದು ಪಾಯಿಂಟ್, ಕಾಲೇಜಲ್ಲೇ ಉಳಿದರೆ ಇನ್ನೊಂದು. ನಾಲ್ಕು ವರ್ಷದ ಸರಾಸರಿ 1000ಕ್ಕೆ 930 ಮುಟ್ಟಬೇಕು, ಇಲ್ಲಾಂದ್ರೆ ಚಾಂಪಿಯನ್‌ಶಿಪ್‌ಗೆ ಕುತ್ತು. ಅವರಿಗೂ ಸ್ವಾರ್ಥ ಇದೆ, ತಪ್ಪಲ್ಲ.

ಮೂರನೇ ವರ್ಷ ಶುರುವಾಗೋ ಹೊತ್ತಿಗೆ ಮೇಜರ್ ಯಾವುದು ಅಂತ ಅಧಿಕೃತವಾಗಿ ಬರೆದುಕೊಡಲೇಬೇಕು. ಅದಕ್ಕೆ ಮುಂಚೆ ಸ್ಟೂಡೆಂಟ್ ಪೋರ್ಟಲ್‌ನಲ್ಲಿ 'ವಾಟ್ ಇಫ್' ಅಂತ ಇರುತ್ತೆ, ನೋಡಲು ಹೇಳಿ. ಹೊಸ ಮೇಜರ್ ಆರಿಸಿದರೆ ಎಷ್ಟು ಕ್ರೆಡಿಟ್ ಉಳಿಯುತ್ತೆ ಅಂತ ಅದೇ ತೋರಿಸುತ್ತೆ. ಆ ಕಾಗದ ಹಿಡಿದು ಕಂಪ್ಲಯನ್ಸ್ ಆಫೀಸಿಗೆ (ಆಟದ ನಿಯಮ ನೋಡಿಕೊಳ್ಳೋ ಕಚೇರಿ) ಹೋಗಲಿ. ಉತ್ತರ ಇಮೇಲ್‌ನಲ್ಲೇ ಕೇಳಲಿ. ಬಾಯಿಮಾತು ಬೇಡ. ಡಿಪಾರ್ಟ್‌ಮೆಂಟ್ ಅಡ್ವೈಸರ್‌ಗೆ ಡಿಗ್ರಿ ಗೊತ್ತಿರುತ್ತೆ, ಆಟದ ನಿಯಮ ಗೊತ್ತಿರಲ್ಲ.

ಬೆಂಗಳೂರಿಂದ

ಕೇಳಿದ ಪ್ರಶ್ನೆಗೆ ಉತ್ತರ ಅಲ್ಲ ಇದು. ಇನ್ನೂ ಇಲ್ಲೇ ಇರುವ ಮಕ್ಕಳ ಅಪ್ಪ ಅಮ್ಮಂದಿರಿಗೆ. ಸೆಕೆಂಡ್ ಪಿಯು ಆದ ಮೇಲೆ "ಸುಮ್ನೆ ಯಾಕೆ ಕೂರೋದು" ಅಂತ ನನ್ನ ತಮ್ಮನನ್ನ ಬಿ.ಕಾಂ.ಗೆ ಸೇರಿಸಿದ್ವಿ. ಆಗಿನ ನಿಯಮ, ಐದು ವರ್ಷದಲ್ಲಿ ನಾಲ್ಕು ಸೀಸನ್ ಮಾತ್ರ ಆಡಬಹುದು. ಆ ಐದು ವರ್ಷದ ಗಡಿಯಾರ ಅವನು ಇಲ್ಲಿ ಫುಲ್ ಟೈಮ್ ಸೇರಿದ ದಿನವೇ ಶುರುವಾಗಿತ್ತು, ಅಮೆರಿಕಕ್ಕೆ ಹೋದ ದಿನ ಅಲ್ಲ. ಈ ಗಡಿಯಾರದ ಮೇಲೆ ಅಲ್ಲಿ ಕೇಸುಗಳು ನಡೆದಿವೆ. 2024ರ ಡಿಸೆಂಬರ್‌ನಲ್ಲಿ ವ್ಯಾಂಡರ್‌ಬಿಲ್ಟ್ ಯೂನಿವರ್ಸಿಟಿಯ ಫುಟ್‌ಬಾಲ್ ಆಟಗಾರ ಡಿಯಾಗೋ ಪಾವಿಯಾ, ಜೂನಿಯರ್ ಕಾಲೇಜಿನ (ನಮ್ಮ ಪಿಯು ಅಲ್ಲ, ಅಲ್ಲಿನ ಎರಡು ವರ್ಷದ ಕಾಲೇಜು) ವರ್ಷಗಳ ವಿಚಾರದಲ್ಲಿ ತನ್ನ ಪರವಾಗಿ ಕೋರ್ಟಿಂದ ಆದೇಶ ತಂದ. ಸೇರೋ ಮುಂಚೆ ಆವತ್ತಿನ ನಿಯಮ ಕೇಳಿಕೊಳ್ಳಿ.

ಮತ್ತೆ ಮೈಸೂರಿನ ಅಮ್ಮ

ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ರಾತ್ರಿ ವಿಡಿಯೋ ಕಾಲ್‌ನಲ್ಲಿ ಕೂರಿಸಿಕೊಂಡು 'ವಾಟ್ ಇಫ್' ತೆಗೆಸಿದೆ. ಅವನ ಎಂಜಿನಿಯರಿಂಗ್ ಡಿಗ್ರಿ 128 ಕ್ರೆಡಿಟ್. 40 ಭಾಗ ಅಂದರೆ 52 ಬೇಕು. ಅವನ 54ರಲ್ಲಿ ಉಳಿಯೋದು 41. ಸ್ಕ್ರೀನ್ ನೋಡಿ ಐದು ನಿಮಿಷ ಮಾತೇ ಆಡಲಿಲ್ಲ.

ಬೇಸಿಗೆಯಲ್ಲಿ ಕ್ಯಾಲ್ಕುಲಸ್, ಫಿಸಿಕ್ಸ್ ಸೇರಿ ಮೂರು ಕೋರ್ಸ್, 11 ಕ್ರೆಡಿಟ್ ಮಾಡಿದರೆ ಸರಿಯಾಗಿ 52ಕ್ಕೆ ಬರುತ್ತೆ. ಒಂದು ಹೋದರೂ ಹೋಯ್ತು.

ಡಲ್ಲಾಸ್ ಅಪ್ಪ

ಒಂದು ಹೆಚ್ಚಿಗೆ ತಗೊಳ್ಳಲಿ ಮೇಡಂ, ಅಂಚಿಗೆ ನಿಲ್ಲೋದು ಬೇಡ. ಕಮ್ಯುನಿಟಿ ಕಾಲೇಜಲ್ಲಿ (ಎರಡು ವರ್ಷದ ಸ್ಥಳೀಯ ಕಾಲೇಜು) ಫೀಸ್ ಎಷ್ಟೋ ಕಮ್ಮಿ. ಆದರೆ ಆ ಕೋರ್ಸ್ ನಮ್ಮ ಡಿಗ್ರಿಗೆ ಸೇರುತ್ತೆ ಅಂತ ಮೊದಲೇ ಒಪ್ಪಿಗೆ ಬರೆಸಿಕೊಂಡು ಸೇರಲಿ.

ಮೈಸೂರಿನ ಅಮ್ಮ

ಕೇಳ್ತೀನಿ ಅಂದಿದ್ದಾನೆ. ಜೂನ್‌ಗೆ ಅಂತ ತೆಗೆದಿದ್ದ ಊರಿನ ಟಿಕೆಟ್ ಕ್ಯಾನ್ಸಲ್ ಮಾಡಬೇಕು. ಅವನ ಅಜ್ಜಿಗೆ ಇನ್ನೂ ಹೇಳಿಲ್ಲ.